ಕೈ ಎತ್ತಿದರೆ ಕಾರು ಬರುತ್ತದೆ

ಪೋರ್ಚುಗಲ್, ಜೂನ್ 2006

ಕರಬಸಪ್ಪ ಕಾಕಾ, ಇಷ್ಟು ದೂರದಿಂದಲೇ ನಿಮ್ಮ ಕಾಲಿಗೆ ನಮಸ್ಕಾರ.

ಇಲ್ಲಿ ನದಿ ದಂಡೆಯ ಗುಡ್ಡಗಳ ತುಂಬ ನೀಲಗಿರಿ ಕಾಡು. ತಿರುವಿಗೊಂದು ಶಿಲುಬೆ ಇರುವ ಪುಟ್ಟ ಬಿಳಿ ಗುಡಿ. ದೇವರು ಯಾವುದಾದರೇನು, ಕದರಮಂಡಲಗಿ ಹನುಮಪ್ಪನಿಗೆ ಬಸ್ಸಿನಿಂದಲೇ ಕೈ ಮುಗಿಯುವಂತೆ, ನಿನ್ನೆಯ ಸೈಕಲ್ ರೇಸಿನಲ್ಲಿ ಪ್ರತಿ ಗುಡಿಗೂ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸಿದೆ. ಆದರೆ ರೇಸಿನಲ್ಲಿ ಕೈ ಎತ್ತಿದರೆ ಸೈಕಲ್ ಕೆಟ್ಟಿದೆ ಎಂದು ಅರ್ಥವಂತೆ. ಮೂರು ಸಲ ನಮ್ಮ ತಂಡದ ಕಾರು ಹಾರ್ನ್ ಹೊಡೆಯುತ್ತ ಓಡಿ ಬಂತು. ಮೂರನೆಯ ಸಲ ಕೋಚ್ ಶಶಿಕಾಂತ ಸರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನವಾ ದುರ್ಗಾ, ರೇಸಿಗೆ ಬಂದಿಯೋ, ದರ್ಶನಕ್ಕ ಬಂದಿಯೋ?" ಎಂದರು.

ಕೊನೆಯ ಏರಿನಲ್ಲಿ ಖರೇನೇ ಪಂಕ್ಚರ್ ಆಯಿತು. ಎಷ್ಟು ಕೈ ಎತ್ತಿದರೂ ಕಾರು ಬರಲಿಲ್ಲ. ಅಲ್ಲಿಯೂ ಒಂದು ಗುಡಿ ಇತ್ತು. ನಿಮ್ಮ ಸೈಕಲ್ ಅಂಗಡಿಯಲ್ಲಿ ಕಲಿತಂತೆ ಟೈರಿನೊಳಗೆ ಬೆರಳಾಡಿಸಿ ಗಾಜಿನ ಚೂರು ತೆಗೆದೆ, ಬೆನ್ನ ಕಿಸೆಯಲ್ಲಿದ್ದ ಟ್ಯೂಬು ಹಾಕಿ, ಗಾಳಿ ಹೊಡೆದು ಹೊರಟೆ. ತೊಂಬತ್ತು ಮಂದಿಯಲ್ಲಿ ಮೂವತ್ತೊಂದನೆಯವಳಾದೆ. ನಮ್ಮ ತಂಡದಲ್ಲಿ ನಾನೇ ಮೊದಲು.

ಮೈ ಚೆನ್ನಾಗಿದೆ. ಚಿಗವ್ವ ಕಟ್ಟಿಕೊಟ್ಟ ಕೆಂಪು ಚಟ್ನಿ ಮಾತ್ರ ತಳ ಕಂಡಿದೆ. ಸರ್ ಕೂಡ ಅದಕ್ಕೇ ಕೈ ಹಾಕುತ್ತಾರೆ.

ನಾಳೆಯ ರೇಸಿನ ಫಾರ್ಮಿನಲ್ಲಿ ಮೆಕ್ಯಾನಿಕ್ ಹೆಸರು ಬರೆಯುವ ಸಾಲಿತ್ತು. ಕರಬಸಪ್ಪ, ಮೋಟೆಬೆನ್ನೂರು ಎಂದು ಬರೆದೆ. ಸರ್ ಓದಿ ನೋಡಿದರು, ಹೊಡೆದು ಹಾಕಲಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿಮ್ಮ ದುರ್ಗಾ