ಬೆನ್ನ ಹಿಂದಿನ ಸ್ಟೂಲು

ಲೋ ಕುಳ್ಳ,

ಈ ಕಾಗದವನ್ನ ನಿನಗೆ ಹಾಕಲ್ಲ, ಅದಕ್ಕೇ ನಿಜ ಬರೀತೀನಿ. ಬೆಳಿಗ್ಗೆ ಇಲ್ಲಿನ ಬಂದರಿನಲ್ಲಿ ಸಮುದ್ರದ ಚಿತ್ರ ಬರೀತಿದ್ದಾಗ ಒಬ್ಬ ಕುಡುಕ ನನ್ನ ತಲೆ ಒಡೆದ.

ಊರೂರು ಸುತ್ತಿ ಚಿತ್ರ ಬರೆಯೋವಾಗ ನಾವು ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಿದ್ವಲ್ಲ, ನನ್ನ ಹಿಂದಿನಿಂದ ಯಾರು ಬಂದರೂ ನೀನು ನೋಡ್ಕೊಳ್ತಿದ್ದೆ. ಆ ಚಾಳಿ ಹೋಗಿಲ್ಲ. ನಿನ್ನ ಮಡಚೋ ಸ್ಟೂಲನ್ನ ಪರದೇಶಕ್ಕೂ ಹೊತ್ಕೊಂಡು ಬಂದಿದ್ದೀನಿ, ಅದನ್ನ ಬೆನ್ನ ಹಿಂದೆ ಬಿಡಿಸಿಟ್ಟೇ ಕುಂಚ ಹಿಡಿಯೋದು. ಆ ಕುಡುಕ ಹಿಂದೆ ನಿಂತು ಏನೇನೋ ಬೈತಿದ್ದ. ನಾನು ತಿರುಗಿ ಕೂಡ ನೋಡಲಿಲ್ಲ. ಅವನು ನಿನ್ನ ಸ್ಟೂಲನ್ನೇ ಎತ್ತಿ ನನ್ನ ನೆತ್ತಿಗೆ ಬೀಸಿದ. ನಾನೇನು ಬಿಟ್ಟೆನಾ, ಬಣ್ಣ ಕಲಸೋ ಚಾಕು ತಗೊಂಡು ಅವನ ಅಂಗೈಗೆ ಚುಚ್ಚಿದೆ, ಮೂಗಿಗೆ ಗುದ್ದಿದೆ. ಅರ್ಧ ಬರೆದ ಅಲೆಗಳ ಮೇಲೆಲ್ಲ ಇಬ್ಬರ ರಕ್ತ. ಆದರೂ ನೀನು ಈ ಸ್ಟೂಲನ್ನೂ ನನ್ನನ್ನೂ ಬಿಟ್ಟು ಎದ್ದು ಹೋದ ದಿನ ನಾವಿಬ್ಬರೂ ಹೊಡೆದಾಡಿದ್ದರ ಮುಂದೆ ಇದು ಮಕ್ಕಳಾಟ.

ಗಲಾಟೆ ಕೇಳಿ ಓಡಿ ಬಂದ ಪೊಲೀಸಿನವನು ಮುರಿದ ಸ್ಟೂಲು ತೋರಿಸಿ, "ಇದು ಯಾರದು?" ಅಂದ.

"ನನ್ನ ಗೆಳೆಯಂದು."

"ಎಲ್ಲಿದ್ದಾನೆ?"

"ಟೀ ತರೋಕೆ ಹೋಗಿದ್ದಾನೆ" ಅಂದ್ಬಿಟ್ಟೆ.

ಪಾಪ, ಅವನು ನಂಬಿದ. "ಸಾಕ್ಷಿ ಬೇಕು, ಬರಲಿ" ಅಂತ ನನ್ನ ಪಕ್ಕದಲ್ಲೇ ಕೂತ.

ಇಬ್ಬರೂ ಕಾದ್ವಿ.