ಸೆರಗು ಮುಚ್ಚಿಕೊಂಡ ಬುಧವಾರ

ಘಾಟ್ಕೋಪರ್, ಮುಂಬಯಿ
೧೪ ಫೆಬ್ರವರಿ ೨೦೨೫

ಪ್ರೀತಿಯ ಅವ್ವನಿಗೆ ಮಹಾದೇವಿಯ ನಮಸ್ಕಾರಗಳು.

ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇವೆ, ನಗಬೇಡ. ನಾಲ್ಕನೆಯ ತರಗತಿಯವಳ ಕೈ, ಅದೂ ಬಾತ ಬೆರಳು. ತಡವಾಗಿದ್ದಕ್ಕೂ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸುತ್ತ ಇಡೀ ಮನೆ ಕೂತಿರುತ್ತದೆ, ನನಗೆ ಬಾಯಿ ಬರುವುದಿಲ್ಲ. ಅಕ್ಷರ ಕೂಡಿಸಿಕೊಂಡು ನೀನೊಬ್ಬಳೇ ಓದು.

ಕೀಲುವಾತಕ್ಕೆ ಕೊಟ್ಟ ಗುಳಿಗೆ ಹಿಡಿದಿದೆ. ಈಗ ನೀರಿನ ಕೊಡ ನಾನೇ ಎತ್ತುತ್ತೇನೆ. ಆಸ್ಪತ್ರೆಯಲ್ಲಿ ನನಗೊಂದು ಕೆಲಸವೂ ಸಿಕ್ಕಿದೆ! ಡಾಕ್ಟರಾದವರೇ ಮತ್ತೆ ಎರಡು ವರ್ಷ ಕೀಲಿನ ರೋಗ ಒಂದನ್ನೇ ಕಲಿಯಲು ಅಲ್ಲಿಗೆ ಬರುತ್ತಾರೆ. ಅದಕ್ಕೆ ಫೆಲೋಶಿಪ್ ಅನ್ನುತ್ತಾರೆ. ಪ್ರತಿ ಬುಧವಾರ ಅವರು ಕಲಿಯುವುದು ನನ್ನ ಕೈ ಹಿಡಿದು.

ಕಲಿಸುವವರು ಉಡುಪಿ ಕಡೆಯ ಶೀಲಾವತಿ ಮೇಡಂ. ಕೀಲು ಮುಟ್ಟುವಾಗ ಡಾಕ್ಟರು ತಮ್ಮ ಉಗುರು ಬೆಳ್ಳಗಾಗುವಷ್ಟೇ ಒತ್ತಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎನ್ನುತ್ತಾರೆ. ರೋಶನ್ ಎಂಬ ಹೊಸ ಡಾಕ್ಟರು ನನಗಿಂತ ಪುಕ್ಕಲು. ಮೊನ್ನೆ ಅವರ ಪರೀಕ್ಷೆ, ನನ್ನ ಯಾವ ಕೀಲು ನೋಯುತ್ತದೆಂದು ಮುಟ್ಟಿಯೇ ಹೇಳಬೇಕು. ಮುಟ್ಟುವ ಮೊದಲೇ "ಸಾರಿ ದೀದಿ, ನೋವು ಆಗ್ತದಾ?" ಎಂದರು. ಪಾಪ ಅನ್ನಿಸಿ, ನೋಯುವ ಕೀಲಿನ ಹತ್ತಿರ ಬಂದ ಕೂಡಲೇ ನಾನೇ ಮುಖ ಕಿವುಚಿ ಸುಳಿವು ಕೊಟ್ಟೆ.

ಮೇಡಂ ನೋಡಿಬಿಟ್ಟರು. "ಎಂತ ಮಾರಾಯ್ತಿ, ಪರೀಕ್ಷೆ ನಿಂದಾ, ಅವನದ್ದಾ? ಸೆರಗು ಹಾಕಿಕೊ ಮುಖಕ್ಕೆ!"

ಹೊಸ ಮದುಮಗಳ ಹಾಗೆ ಸೆರಗಿನೊಳಗೆ ಕೂತು ನಕ್ಕಿದ್ದೇ ನಕ್ಕಿದ್ದು. ಆಗ ರೋಶನ್ ಡಾಕ್ಟರು ನನ್ನ ಮುಖ ಬಿಟ್ಟು ಕೈ ನೋಡಿದರು. ನಾನು ಯಾರಿಗೂ ಹೇಳದಿದ್ದ ಎಡಗೈ ಮಣಿಕಟ್ಟಿನ ಬಾವೂ ಅವರಿಗೆ ಸಿಕ್ಕಿತು. ಪಾಸು!

ನಿನ್ನ ಅಳಿಯ ಗುರುಪಾದ ನಮ್ಮ ಚಾಳಿನ ಮನೆಮನೆಗೂ ಸಾರುತ್ತಾ ಬಂದರು. "ನಮ್ಮಾಕಿ ಡಾಕ್ಟರಿಗೇ ಪಾಠ ಹೇಳಾಕ ಹತ್ಯಾಳ್ರೀ! ಮನ್ಯಾಗ ಮಾತ್ರ ಬಾಯಿ ಬಿಡಂಗಿಲ್ಲ."

ನಿನ್ನ ಆಶೀರ್ವಾದ ಹೀಗೇ ಇರಲಿ.

ನಿನ್ನ ಮಗಳು
ಮಹಾದೇವಿ

ತಾ.ಕ. — ಅವ್ವ, ರೋಶನ್ ಡಾಕ್ಟರು ಕೊನೆಗೆ ಕೇಳಿದ್ದರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು. ನಾನು "ಇಲ್ಲ" ಅಂದೆ. ಸೆರಗಿನೊಳಗೆ ಮುಖ ಸುಡುತ್ತಿತ್ತು. ಬೆಳಿಗ್ಗೆ ಬೆರಳು ಮಡಚಲಾಗದೆ ನೀನು ಬಿಸಿನೀರಿನಲ್ಲಿ ಕೈ ಇಟ್ಟು ಕೂರುತ್ತಿದ್ದೆ. ರೊಟ್ಟಿ ಬಡಿಯಲೆಂದು ನನ್ನನ್ನು ಶಾಲೆ ಬಿಡಿಸಿದ ದಿನ, ಹನುಮವ್ವ ಅತ್ತೆಯ ಜೊತೆ ಸೇರಿ ನಾನೂ ನಿನ್ನನ್ನು ಮೈಗಳ್ಳಿ ಅಂದೆ. ನೀನು ಕೈ ಒರೆಸಿಕೊಂಡು ಹಿಟ್ಟು ನಾದಲು ಕೂತೆ. ಆ ಮಾತು ನನ್ನಿಂದ ತಪ್ಪಾಯಿತು. ಗುರುಪಾದ ಊರಿಗೆ ಬರುತ್ತಿದ್ದಾರೆ, ಅವರ ಜೊತೆ ಇಲ್ಲಿಗೆ ಬಾ. ಕೈ ತೋರಿಸೋಣ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಅಲ್ಲಿನ ನನ್ನ ಕೇಸ್ ಕಾಗದದಲ್ಲಿದ್ದ "ಇಲ್ಲ" ಹೊಡೆದು ಹಾಕಿಸಿ, "ತಾಯಿಗೆ ಇದೆ" ಎಂದು ಬರೆಸಿದೆ.