ನಾನು ಹೇಳದ ಸಾಲು

ಓಹಾಯೊ
ಅಕ್ಟೋಬರ್ 20, ಭಾನುವಾರ

ಪ್ರೀತಿಯ ಅಪ್ಪ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯ್ತಾ? ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಬೇಜಾರು ಮಾಡ್ಕೋಬೇಡ. ಪರೀಕ್ಷೆ ಇತ್ತು ಅಂತ ನೆಪ ಹೇಳಬಹುದು, ಇತ್ತು ಕೂಡ. ಆದರೆ ನಿಜ ಏನಂದರೆ, ಬರೆದು ಬರೆದು ಹರಿದು ಹಾಕಿದೆ. ಇದನ್ನೂ ನಿನಗಿಂತ ಮೊದಲು ಅಲ್ಲಿ ಜೈಲಿನವರು ಯಾರೋ ಓದುತ್ತಾರೆ, ನಿನ್ನ ಕೈಗೆ ಬರೋದು ಬರೀ ನಕಲು. ಓದಲಿ. ಅವರಿಗೆ ಸೇರಬೇಕಾದದ್ದೂ ಇದರಲ್ಲಿದೆ.

ಹಾಸ್ಟೆಲ್ ಶಾಲೆಯಲ್ಲಿ ‘ನಿಮ್ಮಪ್ಪ ಏನ್ ಮಾಡ್ತಾರೆ?’ ಅಂದರೆ ‘ಬರೀತಾರೆ’ ಅಂದು ಪಾರಾಗುತ್ತಿದ್ದೆ. ಇಲ್ಲಿ ಕಾಲೇಜಿನಲ್ಲಿ ಅದು ನಡೆಯಲಿಲ್ಲ. ನಿನ್ನ ಪುಸ್ತಕವೇ ನಮ್ಮ ಕ್ಲಾಸಿಗೆ ಪಾಠ. ಹೆಸರು ಕರೆದಾಗಲೆಲ್ಲ ಎಲ್ಲರೂ ತಿರುಗಿ ನೋಡುತ್ತಾರೆ.

ಶುಕ್ರವಾರ ಕಾಲೇಜಿನಲ್ಲಿ ನಿನ್ನ ಪುಸ್ತಕಕ್ಕಾಗಿ ಇಟ್ಟಿದ್ದ ಸಭೆಯ ವಿಷಯ ಹೇಳಬೇಕು. ‘ಶನಿವಾರದ ಮಣ್ಣು’ ಓದು, ನನ್ನ ಬದಲು ನೀನು ನಿಲ್ಲು ಅಂತ ಫೋನಿನಲ್ಲಿ ಹೇಳಿದ್ದೆಯಲ್ಲ, ಅಮ್ಮನನ್ನು ಮಣ್ಣು ಮಾಡಿದ ದಿನದ ಪದ್ಯ. ನಿಂತೆ. ವರ್ಲೀನ್ ಅತ್ತೆ ಅಲಬಾಮಾದಿಂದ ಬಸ್ಸಿನಲ್ಲಿ ಬಂದಿದ್ದಳು, ಚರ್ಚಿಗೆ ಹಾಕುವ ನೇರಳೆ ಟೋಪಿ, ಮಡಿಲಲ್ಲಿ ಸಿಹಿಗೆಣಸಿನ ಪೈ. ನನ್ನನ್ನು ನೋಡಿದ ಕೂಡಲೇ, “ಏನೇ, ಕಾಲೇಜಲ್ಲಿ ಊಟಾನೇ ಹಾಕಲ್ವಾ? ಕಡ್ಡಿ ಆಗೋಗಿದ್ದೀಯಲ್ಲೇ!” ಅಂದಳು.

ಪ್ರೊಫೆಸರ್ ಲಿಂಡ್‌ಗ್ರೆನ್ ನಿನ್ನ ಬಗ್ಗೆ ಮಾತಾಡಿದರು. “ಜೈಲೇ ಈ ಕವಿಯ ವಿಶ್ವವಿದ್ಯಾಲಯ. ಅದಿಲ್ಲದಿದ್ದರೆ ಈ ಕಾವ್ಯ ಹುಟ್ಟುತ್ತಲೇ ಇರಲಿಲ್ಲ,” ಅಂದರು. ಹಾಗಾದರೆ ಜೈಲಿಗೆ ಥ್ಯಾಂಕ್ಸ್ ಹೇಳಬೇಕಾ? ನೀನು ಕ್ಷೌರದಂಗಡಿಯಲ್ಲಿ ಕತ್ತರಿ ಆಡಿಸುತ್ತಾ ಗಿರಾಕಿಗಳ ಮೇಲೇ ಪ್ರಾಸ ಕಟ್ಟುತ್ತಿದ್ದದ್ದು, ಅವರು ನಕ್ಕು ತಲೆ ಅಲ್ಲಾಡಿಸಿ ಕಿವಿಗೆ ಗಾಯ ಮಾಡಿಕೊಳ್ಳುತ್ತಿದ್ದದ್ದು ಆ ಮನುಷ್ಯನಿಗೇನು ಗೊತ್ತು? ಅತ್ತೆ ಕೂತಲ್ಲಿಂದಲೇ, “ಸಾರ್, ನೀವೂ ಒಂದಿಷ್ಟು ವರ್ಷ ಹೋಗಿ ಬನ್ನಿ, ಚೆನ್ನಾಗಿ ಬರೀತೀರಿ,” ಅಂದಳು. ಸಭೆ ನಕ್ಕಿತು. ಅವರೂ ನಕ್ಕರು. ನಾಟಲಿಲ್ಲ.

ಆಮೇಲೆ ನಾನು ಓದಲು ಶುರು ಮಾಡಿದೆ. ಮೊದಲ ಸಾಲು ಹೇಳಿ ಉಸಿರು ತಗೊಂಡೆ, ಅಷ್ಟರಲ್ಲಿ ಸಭೆಯ ಹಿಂದಿನಿಂದ ಅದೇ ಸಾಲು ಜೋರಾಗಿ, ಎಳೆದು ಎಳೆದು ಬಂತು. ಅತ್ತೆ! ಪಾಪ, ಅವಳಿಗೆ ನಿನ್ನ ಪದ್ಯವನ್ನು ಬೇರೆ ಥರ ಕೇಳಿಯೇ ಗೊತ್ತಿಲ್ಲ. ಕಾಗದ ಪೆನ್ನು ಕೊಡದ ಒಂಟಿ ಕೋಣೆಯಲ್ಲಿ ನೀನು ತಲೆಯೊಳಗೇ ಕಟ್ಟಿದ್ದು. ಚರ್ಚಿನಲ್ಲಿ ಹಿರಿಯರು ಹಾಡು ಹೇಳಿಕೊಡುವ ಹಾಗೆ ಫೋನಿನಲ್ಲಿ ನೀನು ಒಂದು ಸಾಲು, ಅಡುಗೆಮನೆಯಲ್ಲಿ ನಾವು ಅದೇ ಸಾಲನ್ನು ತಿರುಗಿಸಿ. ನಡುವೆ ಆ ಯಂತ್ರದ ಹೆಂಗಸು ‘ಈ ಕರೆ ಜೈಲಿನಿಂದ ಬಂದಿದೆ’ ಅಂತ ಬಾಯಿ ಹಾಕಿದರೆ ಅವಳು ಮುಗಿಸೋತನಕ ಎಲ್ಲರೂ ಸುಮ್ಮನೆ. ನಾವು ಹಾಗೆ ಸುಮ್ಮನಾದಲ್ಲೆಲ್ಲ ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಪ್ರೊಫೆಸರ್ ‘ಮೌನದ ಸೌಂದರ್ಯ’ ಅಂದಿದ್ದರು. ಸೌಂದರ್ಯವಂತೆ!

ಅತ್ತೆಯ ದನಿ ಸಿಕ್ಕ ಮೇಲೆ ಓದು ಸರಾಗವಾಯ್ತು. ನಾನೊಂದು ಸಾಲು, ಅವಳೊಂದು. ಪದ್ಯದೊಳಗೆ ಬಿಳಿ ಸಮವಸ್ತ್ರದ ಚರ್ಚಿನ ಹೆಂಗಸರು ಬಂದರು, ರಟ್ಟಿನ ಬೀಸಣಿಗೆ ಬಂತು. ಆಮೇಲೆ ನನ್ನನ್ನೇ ದುಂಬಿ ಅಂತ ಕರೆದಿರುವ ಆ ಸಾಲು:

ನನ್ನ ದುಂಬಿಯ ಪುಟ್ಟ ಕೈ ಅಂದು ನನ್ನ ಕೈಯೊಳಗೆ ಬೆಚ್ಚಗಿತ್ತು.

ಬಾಯಿ ತೆರೆದೆ. ಬರಲಿಲ್ಲ. ಅತ್ತೆ ಕಾದಳು. “ಕೊಡೇ ಮಗಳೇ, ಮುಂದಿನ ಸಾಲು ಕೊಡು,” ಅಂದಳು.

“ಕೊಡಲ್ಲ ಅತ್ತೆ. ಇದು ಸುಳ್ಳು,” ಅಂದು ವೇದಿಕೆ ಇಳಿದುಬಿಟ್ಟೆ.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು ಅಪ್ಪ. ಅದೂ ಪದ್ಯದ ಭಾಗ ಅಂದುಕೊಂಡರು!

ಹೊರಗೆ ಅತ್ತೆ ಸಿಡುಕಿದಳು. “ಅಲ್ಲಿ ಗೋಡೆ ನೋಡ್ಕೊಂಡು ಕೂತು ನನ್ನ ತಮ್ಮ ಒಂದು ಕೈ ಹಿಡಿದಹಾಗೆ ಅಂದ್ಕೊಂಡಿದಾನೆ. ಅಷ್ಟೂ ಬೇಡ್ವೇನೇ ಅವನಿಗೆ?”

ಬೇಕು. ಆದರೆ ಅಮ್ಮನ ಮಣ್ಣಿನ ದಿನ ಚರ್ಚಿನಲ್ಲಿ ನೀನು ಇರಲಿಲ್ಲ. ಕೈಗೆ ಬೇಡಿ ಹಾಕಿ, ಜೊತೆಗೆ ಕಾವಲಿನವರನ್ನು ಕೊಟ್ಟು ಅರ್ಧ ದಿನ ಕಳಿಸಿದ್ದರೆ ಸಾಕಿತ್ತು. ಜೈಲಿನವರು ಕಳಿಸಲಿಲ್ಲ. ಈಗ ನೀನೇ ನಿನ್ನನ್ನು ಬೆಂಚಿನ ಮೇಲೆ ಕೂರಿಸಿಬಿಟ್ಟೆ. ಓದಿದವರು, ಪಾಪ, ಮಗಳ ಜೊತೆಗಾದರೂ ಇದ್ದ ಅಂತ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಬೇಡ ಅಂದವರ ತಪ್ಪನ್ನು ನೀನೇ ಮುಚ್ಚಿದೆ, ಅದೂ ನನ್ನ ಕೈ ಇಟ್ಟು! ಅವರ ಮೇಲೂ ಸಿಟ್ಟು, ಚಪ್ಪಾಳೆಯವರ ಮೇಲೂ ಸಿಟ್ಟು, ನಿನ್ನ ಮೇಲೂ.

ಪುಸ್ತಕ ಮತ್ತೆ ಅಚ್ಚಿಗೆ ಹೋಗುತ್ತೆ ಅಂದೆಯಲ್ಲ. ಅಷ್ಟರೊಳಗೆ ಆ ಸಾಲು ತೆಗಿ. ಫೋನ್ ಮಾಡು, ಬೇರೆ ಸಾಲು ಕೊಡು, ನಿಜದ್ದು. ಎಷ್ಟು ಕಹಿಯಾಗಿದ್ದರೂ ನಿನ್ನ ಹಿಂದೆ ನಾನು ಹೇಳ್ತೀನಿ.

ಥಂಡಿ ಶುರುವಾಗಿದೆ, ಕಾಲಿಗೆ ಎರಡು ಜೊತೆ ಸಾಕ್ಸ್ ಹಾಕ್ಕೋ. ಪೈ ತುಂಬಾ ಚೆನ್ನಾಗಿತ್ತು, ನಿನ್ನ ಪಾಲನ್ನೂ ನಾನೇ ತಿಂದೆ. ಆ ಗೋಡೆಗಳೊಳಗೂ ದೇವರು ನಿನ್ನ ಪಕ್ಕದಲ್ಲಿ ಕೂತಿರಲಿ.

ನಿನ್ನ ಮಗಳು,
ಜುನೆಲ್

ತಾ.ಕ.: ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮನ ಮಣ್ಣಿನ ಹಿಂದಿನ ದಿನ ಫೋನಿನಲ್ಲಿ ನೀನು, “ಬಂದೇ ಬರ್ತೀನಿ ದುಂಬಿ, ನಂಗೊಂದು ಜಾಗ ಹಿಡಿದಿಡು,” ಅಂದಿದ್ದೆ. ಮುಂದಿನ ಬೆಂಚಿನಲ್ಲಿ ನನ್ನ ಎಡಕ್ಕೆ ಕೋಟು ಹಾಸಿ ಹಿಡಿದಿದ್ದೆ. ಅತ್ತೆ ಕೂರಲು ಬಂದರೆ, ಇದು ಅಪ್ಪಂದು ಅಂತ ಕಿರುಚಿ ಎಬ್ಬಿಸಿದೆ. ಅಮ್ಮನ ಪೆಟ್ಟಿಗೆ ಮುಚ್ಚುತ್ತಾರೆ, ಬಾ, ನೋಡು ಅಂದರು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅಮ್ಮನ ಮುಖ ನೋಡಲೇ ಇಲ್ಲ ಅಪ್ಪ.